ಆಮೆಯ ಅಂಗಡಿಯ ಮಾತು

ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದ ಅಕ್ಷತಾ ಎಂಬ ಹುಡುಗಿ ಒಂದು ಭಾನುವಾರ ಪುತ್ತೂರಿನ ನಮ್ಮ ಮನೆಗೆ ಬಂದಿದ್ದಳು. ಚೀಲವನ್ನು ಇನ್ನೂ ಹೆಗಲಿಂದ ಇಳಿಸಿರಲಿಲ್ಲ, ಕೇಳಿಯೇಬಿಟ್ಟಳು.

"ಮೇಡಂ, ಆಟಿಸಂ ಇರುವ ಮಕ್ಕಳಿಗೆ ದಿನಕ್ಕೆ ಎಷ್ಟು ಹೊತ್ತು ಫೋನ್ ಕೊಡಬಹುದು? ಯಾವ ಮನೆಗೆ ಹೋದರೂ ಇದೊಂದೇ ಪ್ರಶ್ನೆ. ಎಂತ ಹೇಳುದು ಅಂತಲೇ ಗೊತ್ತಾಗುದಿಲ್ಲ."

ಉತ್ತರ ಹೇಳಲು ಬಾಯಿ ತೆರೆದೆ. ಗಂಟೆಯೂ ಬರಲಿಲ್ಲ, ನಿಮಿಷವೂ ಬರಲಿಲ್ಲ. ಕಣ್ಣ ಮುಂದೆ ಒಂದು ಆಮೆ ಬಂದು ನಿಂತಿತು. ಅದರ ಹಿಂದೆ ಮರ್ಕಂಜದ ಒಂದು ಜಗಲಿ, ಜಗಲಿಯ ತುದಿಯಲ್ಲಿ ಹಲಸಿನ ಬೀಜ ಹರಡಿಕೊಂಡು ಕೂತ ಒಬ್ಬ ಅಜ್ಜಿ. "ಕೂತ್ಕೊ, ಚಾ ಮಾಡ್ತೇನೆ" ಎಂದೆ. ಅವಳ ಬಸ್ಸಿನ ಹೊತ್ತಾಗುವವರೆಗೂ ಮಾತಾಡಿದೆ, ಮುಗಿಯಲಿಲ್ಲ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ವಿಶೇಷ ಶಿಕ್ಷಕಿಯಾಗಿದ್ದೆ ನಾನು. ಪುತ್ತೂರು, ಸುಳ್ಯ, ಕಡಬ ಈ ಮೂರು ಕಡೆಯ ಹಳ್ಳಿಗಳಲ್ಲೇ ನನ್ನ ಕೆಲಸದ ಜೀವನವೆಲ್ಲ ಕಳೆಯಿತು. ಅದರಲ್ಲಿ ಅರ್ಧ ಬಸ್ಸಿನ ಕಿಟಕಿಯ ಪಕ್ಕ ಕಳೆಯಿತು ಎಂದರೂ ತಪ್ಪಿಲ್ಲ. ಈಗ ಮಧ್ಯಾಹ್ನ ಉಂಡು ಚಾಪೆಯ ಮೇಲೆ ಒರಗಿದರೆ ಮಂಪರು ಕವಿಯುವ ಹೊತ್ತಿಗೆ ಆ ಮನೆಗಳು ಒಂದೊಂದಾಗಿ ತೇಲಿ ಬರುತ್ತವೆ. ಅಜ್ಜಾವರದ ಮನೆಯ ಮೆಟ್ಟಿಲು ಹತ್ತಿದರೆ ಕಡಬದ ಅಡುಗೆಮನೆ ಸಿಗುತ್ತದೆ. ಅದರ ಹಿಂಬಾಗಿಲು ತೆರೆದರೆ ಮರ್ಕಂಜದ ರಬ್ಬರ್ ಗುಡ್ಡೆ. ಮಕ್ಕಳು ಮಾತ್ರ ಬೆರೆತುಹೋಗುವುದಿಲ್ಲ. ಒಬ್ಬೊಬ್ಬರೂ ಅವರವರ ಮೂಲೆಯಲ್ಲಿ, ಅವರವರ ಬೆಳಕಿನಲ್ಲಿ ಕೂತಿರುತ್ತಾರೆ.

ಫೋನ್ ಬರುವ ಮೊದಲು ಟೀವಿ ಇತ್ತು. ಅಜ್ಜಾವರದಲ್ಲಿ ಸುಜಿತ್ ಎಂಬ ಹುಡುಗನಿದ್ದ. ಟೀವಿಯಲ್ಲಿ ಜಾಹೀರಾತು ಬರುವಾಗ ಮಾತ್ರ ಅವನು ತುತ್ತಿಗೆ ಬಾಯಿ ತೆರೆಯುತ್ತಿದ್ದ. ಧಾರಾವಾಹಿ ಶುರುವಾದರೆ ಬಾಯಿ ಮುಚ್ಚುತ್ತಿತ್ತು, ತುತ್ತು ಹಿಡಿದ ಅವನಮ್ಮನ ಕೈ ಗಾಳಿಯಲ್ಲೇ ಕಾಯುತ್ತಿತ್ತು. ಆಗಿನ ನನ್ನ ಮೇಲಿನವರು, "ಟೀವಿ ಅಟ್ಟಕ್ಕೆ ಹಾಕಲಿಕ್ಕೆ ಹೇಳಿ, ಹಸಿವಾದರೆ ತಾನೇ ತಿಂತಾನೆ" ಎಂದಿದ್ದರು. ಆ ಮನೆಯವರಿಗೆ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹಸಿವಾದರೂ ತಿನ್ನದ ಮಕ್ಕಳನ್ನು ನಾನು ನೋಡಿದ್ದೆ.

ಒಂದು ದಿನ ನಾನು ಅಲ್ಲಿದ್ದಾಗಲೇ ಊಟದ ಹೊತ್ತಿಗೆ ಕರೆಂಟ್ ಹೋಯಿತು. ಸುಜಿತ್ ಬಾಯಿ ಬಿಗಿದುಕೊಂಡ. ಅವನ ಅಪ್ಪ ಈಶ್ವರಣ್ಣ ಬಸ್ಸಿನ ಕಂಡಕ್ಟರ್, ಅವತ್ತು ರಜೆಯಲ್ಲಿದ್ದರು. ಅವರು ಕಪ್ಪಾದ ಟೀವಿಯ ಪಕ್ಕ ನಿಂತು ಸೋಪಿನ ಜಾಹೀರಾತನ್ನು ರಾಗವಾಗಿ ಹೇಳಿದರು. ಹುಡುಗ ಬಾಯಿ ತೆರೆದ. ಹಲ್ಲುಪುಡಿಯದ್ದು ಹೇಳಿದರು, ಇನ್ನೊಂದು ತುತ್ತು. ಚಾಪುಡಿಯದ್ದೂ ಮುಗಿಯಿತು. ಬಟ್ಟಲಲ್ಲಿ ಅನ್ನ ಇನ್ನೂ ಇತ್ತು, ಈಶ್ವರಣ್ಣನ ಹತ್ತಿರ ಜಾಹೀರಾತು ಉಳಿದಿರಲಿಲ್ಲ. ಅವರು ಅದೇ ರಾಗದಲ್ಲಿ, "ಪುತ್ತೂರ್... ಸಂಟ್ಯಾರ್... ಕುಂಬ್ರ..." ಎಂದು ಶುರುಮಾಡಿದರು. ಸುಜಿತ್ ತಲೆಯೆತ್ತಿದ. ಒಂದು ಸ್ಟಾಪಿಗೆ ಒಂದು ತುತ್ತು. ಕಾವು ದಾಟಿತು, ಜಾಲ್ಸೂರು ದಾಟಿತು. ಸುಳ್ಯ ಬರುವಾಗ ಬಟ್ಟಲು ಖಾಲಿ. ಹೆಂಡತಿ ಸೆರಗಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರೆ ಈಶ್ವರಣ್ಣ ಬೆವರು ಒರೆಸಿಕೊಂಡು, "ನಾಳೆಯಿಂದ ನಾನು ಡ್ಯೂಟಿಗೆ ಹೋದ ಮೇಲೆ ನೀನೇ ಬಸ್ಸು ಬಿಡಬೇಕಾದೀತು ಮಾರಾಯ್ತಿ" ಎಂದರು.

ಆ ಮನೆಯ ಟೀವಿ ಅಟ್ಟಕ್ಕೆ ಹೋಗಲೇ ಇಲ್ಲ. ಊಟದ ಹೊತ್ತಿಗೆ ಅದು ಬೇಕಾಗದೇ ಹೋಯಿತು, ಅಷ್ಟೇ. ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಪರದೆಯಿಂದ ಮಗುವನ್ನು ಎಳೆಯುವುದಕ್ಕಿಂತ ಪರದೆಯಲ್ಲಿರುವುದನ್ನು ಮನೆಯೊಳಗೆ ಕರೆಯುವುದು ಸುಲಭವೇನೋ ಎಂದು ಮೊದಲ ಸಲ ಅನ್ನಿಸಿದ್ದು ಅವತ್ತು.

ಆಮೇಲೆ ಫೋನ್ ಬಂತು. ಯಾವಾಗ ಬಂತು ಎಂದು ಕೇಳಿದರೆ ಹೇಳಲಾರೆ, ಮಂಜು ಬಂದ ಹಾಗೆ ಬಂತು. ಮೊದಲೆಲ್ಲ ದಾರಿಯ ತಿರುವಿನಲ್ಲೇ ಮಗುವಿನ ದನಿ ಕೇಳುತ್ತಿತ್ತು. ಕಿರುಚುವುದು, ಗುನುಗುವುದು, ಬಾಗಿಲು ಬಡಿಯುವುದು, ಏನಾದರೂ ಒಂದು. ಬರಬರುತ್ತಾ ಅದೇ ತಿರುವಿನಲ್ಲಿ ಸಣ್ಣ ಸಂಗೀತ ಕೇಳತೊಡಗಿತು, ಗೊಂಬೆಗಳು ಮಾತಾಡುವ ದನಿ. ಒಳಗೆ ಹೋದರೆ ಮಗು ಸುಮ್ಮನಿರುತ್ತಿತ್ತು. ತಾಯಂದಿರ ಮುಖದಲ್ಲಿ ವರ್ಷಗಟ್ಟಲೆ ಕಾಣದಿದ್ದ ಒಂದು ನಿರಾಳ. ಆ ನಿರಾಳವನ್ನು ಕಂಡವರಿಗೆ ಫೋನನ್ನು ಬೈಯುವುದು ಸುಲಭವಲ್ಲ.

ಕಡಬದ ಹತ್ತಿರ ಜೋಬಿನ್ ಎಂಬ ದೊಡ್ಡ ಹುಡುಗನ ಮನೆಯಲ್ಲಂತೂ ಅದೇ ಫೋನ್ ಅವನ ಬಾಯಾಯಿತು. ಅವನ ಅಕ್ಕ ಮನೆಯ ವಸ್ತುಗಳದ್ದೆಲ್ಲ ಫೋಟೋ ತೆಗೆದು ಫೋನಲ್ಲಿ ಜೋಡಿಸಿಕೊಟ್ಟಳು. ಜೋಬಿನ್ ನೀರಿನ ಲೋಟದ ಫೋಟೋ ಮುಟ್ಟಿ ನೀರು ಕೇಳಿದ, ಅಜ್ಜಿಯ ಫೋಟೋ ಮುಟ್ಟಿ ಅಜ್ಜಿಯನ್ನು ಕೇಳಿದ. ಅದೊಂದು ಫೋನನ್ನು ಅವನ ಕೈಯಿಂದ ತೆಗೆಯಬೇಡಿ ಎಂದು ನಾನೇ ಆ ಮನೆಯವರಿಗೆ ಹೇಳಿದ್ದೆ.

ಇಷ್ಟೆಲ್ಲ ಕಂಡ ಮೇಲೆ ನಾನು ಪೂರ್ವಿಯ ಮನೆಗೆ ಹೋದದ್ದು.

ಸುಳ್ಯದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಮರ್ಕಂಜಕ್ಕೆ ಹೋಗಬೇಕು. ಬಸ್ಸಿಳಿದ ಮೇಲೆ ರಬ್ಬರ್ ಮರಗಳ ನಡುವೆ ನಡೆಯುವ ದಾರಿ. ಬೆಳಗಿನ ಹೊತ್ತು ಅಲ್ಲಿ ಬೆಳಕು ನೆಲಕ್ಕೆ ಪೂರ್ತಿ ಇಳಿಯುವುದಿಲ್ಲ. ಸಾಲು ಸಾಲು ಮರ, ಪ್ರತಿ ಮರದ ಹೊಟ್ಟೆಗೆ ಕಟ್ಟಿದ ತೆಂಗಿನ ಗೆರಟೆ, ಅದರೊಳಗೆ ತೊಟ್ಟು ತೊಟ್ಟಾಗಿ ಬೀಳುವ ಬಿಳಿ ಹಾಲು. ನಡೆಯುತ್ತಾ ಹೋದ ಹಾಗೆ ನಾನು ನಡೆಯುತ್ತಿದ್ದೇನೋ, ಮರಗಳೇ ನನ್ನನ್ನು ದಾಟಿ ಹೋಗುತ್ತಿವೆಯೋ ಎನ್ನಿಸುತ್ತಿತ್ತು.

ಪೂರ್ವಿಗೆ ಆಗ ಐದು ತುಂಬಿತ್ತು. ಅವಳ ಅಪ್ಪ ಜನಾರ್ದನ ಪಿಕಪ್ ಓಡಿಸುತ್ತಿದ್ದ. ಅಮ್ಮ ಪುಷ್ಪಲತಾ ಬೆಳಕು ಹರಿಯುವ ಮೊದಲೇ ಎದ್ದು ತಮ್ಮ ಗುಡ್ಡೆಯ ರಬ್ಬರ್ ಮರಗಳನ್ನು ಹಾಲಿಗಾಗಿ ತಾನೇ ಕೆತ್ತುತ್ತಿದ್ದಳು. ಜನಾರ್ದನನ ತಾಯಿ ಕಮಲಕ್ಕನಿಗೆ ಮಂಡಿನೋವು, ಕೂತಲ್ಲಿಂದ ಏಳಲು ಹೊತ್ತು ಬೇಕು. ಮನೆಯಲ್ಲಿ ಅವರ ಮಾತು ಸುಳ್ಯದ ಕಡೆಯ ಅರೆಭಾಷೆ. ನನ್ನ ಹತ್ತಿರ ಮಾತ್ರ ಕನ್ನಡ.

ನಾನು ಜಗಲಿ ಹತ್ತಿದ ಕೂಡಲೇ ಪೂರ್ವಿ ಫೋನಿಂದ ಕಣ್ಣು ತೆಗೆಯದೆ, ಸ್ಪಷ್ಟವಾಗಿ, ದೊಡ್ಡವರ ಗತ್ತಿನಲ್ಲಿ ಹೇಳಿದಳು: "ದುಕಾನ್ ಬಂದ್!"

ನಾನು ಬೆಚ್ಚಿಬಿದ್ದೆ. ಅವಳಿಗೆ ಮಾತು ಬರುವುದಿಲ್ಲ ಎಂದು ಹೇಳಿದ್ದರು.

"ಇದೇ ಟೀಚರೇ," ಎಂದಳು ಪುಷ್ಪಲತಾ. "ಅವ್ವ ಅಂತ ಒಂದು ದಿನ ಕರೀಲಿಲ್ಲ. ಅಜ್ಜಿ ಅನ್ನಲಿಕ್ಕಿಲ್ಲ. ಇದೊಂದು ಫೋನಿನ ಹಿಂದಿ. ನಮಗೆ ಅರ್ಥ ಆಗುದಿಲ್ಲ, ಅವಳಿಗೂ ಆಗ್ತದೋ ಇಲ್ವೋ."

ಮಂಗಳೂರಿನ ಡಾಕ್ಟರು ಆಟಿಸಂ ಎಂದಿದ್ದರು, ಫೋನ್ ಕಡಿಮೆ ಮಾಡಿ ಎಂದೂ ಹೇಳಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪೂರ್ವಿ ಎದ್ದ ಕ್ಷಣದಿಂದ ಫೋನ್ ಕೈಯಲ್ಲೇ ಇರಬೇಕು. ಅದಿಲ್ಲದೆ ಊಟವಿಲ್ಲ, ನಿದ್ದೆಯಿಲ್ಲ. ಚಾರ್ಜ್ ಮುಗಿದರೆ ಕೈ ಕಚ್ಚಿಕೊಳ್ಳುತ್ತಾಳೆ, ಮಣಿಕಟ್ಟಿನಲ್ಲಿ ಹಲ್ಲಿನ ಗುರುತು ಮಾಸಿದ್ದೇ ಇಲ್ಲ.

"ಫೋನ್ ಯಾವಾಗ ಶುರು ಆದದ್ದು?" ಎಂದು ಕೇಳಿದೆ.

ಕಮಲಕ್ಕ ಅಂಗಳದ ಕೆಳಗೆ ಕೈ ತೋರಿಸಿದರು. ಅಲ್ಲಿ ತೋಟಕ್ಕೆ ನೀರು ಬಿಡುವ ಕೆರೆ, ಹಸುರು ನೀರು ಅಲುಗದೆ ಬಿದ್ದಿತ್ತು.

"ಸೊಸೆ ರಬ್ಬರ್ ಕಡೆ ಹೋಗಿದ್ದಳು, ನನಗೆ ಕಣ್ಣು ಮುಚ್ಚಿತು," ಎಂದರು ಕಮಲಕ್ಕ. "ಎಚ್ಚರ ಆಗುವಾಗ ಮಗು ಇಲ್ಲ. ಕೆರೆಯ ಕೊನೇ ಮೆಟ್ಟಿಲಲ್ಲಿ ಕೂತು ನೀರಿಗೆ ಕೈ ಹಾಕಿ ಆಡ್ತಾ ಉಂಟು. ಕೂಗಿದರೆ ತಿರುಗಿ ನೋಡುದಿಲ್ಲ. ನಾನು ಕೂತುಕೊಂಡೇ ಜಾರುತ್ತಾ ಇಳಿದು ಹೋದದ್ದು, ನಡೆದು ಹೋಗ್ಲಿಕ್ಕೆ ಕಾಲು ಬರಬೇಕಲ್ಲ. ಆವತ್ತೇ ಮಗ ಹಳೇ ಫೋನು ಕೊಟ್ಟ. ಫೋನ್ ಇದ್ದರೆ ಕೂತಲ್ಲೇ ಕೂತಿರ್ತಾಳೆ."

ಈ ಮಾತು ಕೇಳದೆ ನಾನು ಫೋನ್ ಬಿಡಿಸುವ ಪಾಠ ಶುರುಮಾಡಿದ್ದರೆ ಎಂಥ ಅನಾಹುತವಾಗುತ್ತಿತ್ತೋ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಎಷ್ಟು ಹೊತ್ತು ನೋಡುತ್ತದೆ ಎಂದು ಕೇಳುವ ಮೊದಲು, ನೋಡದಿದ್ದರೆ ಆ ಹೊತ್ತಿನಲ್ಲಿ ಏನಾಗುತ್ತಿತ್ತು ಎಂದು ಕೇಳಿ.

ಪುಷ್ಪಲತಾಳ ಭಯ ಬೇರೆಯೇ ಇತ್ತು. ನನ್ನನ್ನು ಬೀಳ್ಕೊಡಲು ರಬ್ಬರ್ ಸಾಲಿನವರೆಗೂ ಬಂದವಳು ಅಲ್ಲಿ ನಿಂತು ಕೇಳಿದಳು.

"ಫೋನ್ ತೆಗೀಬಹುದು ಟೀಚರೇ. ಕೆರೆಗೆ ಬೇಲಿಯೂ ಹಾಕಬಹುದು. ಆದರೆ ಅವಳಿಗೆ ಇರುದೇ ನಾಲ್ಕು ಮಾತು, ಅದೂ ಫೋನಿಂದ ಬಂದದ್ದು. ಫೋನ್ ತೆಗೆದರೆ ಅದೂ ಹೋದರೆ? ಅವಳ ಸ್ವರವೇ ಕೇಳದ ಹಾಗೆ ಆದರೆ ನಾನು ಎಂತ ಮಾಡುದು?"

"ತೆಗೆಯುವುದು ಬೇಡ. ಮೊದಲು ಅವಳು ನೋಡುವುದನ್ನು ನಾವೂ ನೋಡೋಣ" ಎಂದಷ್ಟೇ ಹೇಳಿದೆ.

ಹಾಗೆ ನಾನು ಆಮೆಯ ಅಂಗಡಿಗೆ ಹೋದೆ. ಪೂರ್ವಿಯ ಪಕ್ಕ ಕೂತು, ಅವಳ ಭುಜ ನನಗೆ ತಾಗದಷ್ಟು ದೂರದಲ್ಲಿ, ವಾರ ವಾರವೂ ಫೋನಿನ ಅದೇ ಹಿಂದಿ ಕಾರ್ಟೂನ್ ನೋಡಿದೆ. ಒಂದು ಹೊಳೆ, ಹೊಳೆಯ ದಡದಲ್ಲಿ ಚಿಕ್ಕ ಅಂಗಡಿ, ಗಲ್ಲಾಪೆಟ್ಟಿಗೆಯ ಹಿಂದೆ ಕನ್ನಡಕ ಹಾಕಿಕೊಂಡ ಆಮೆ. ಕೋಳಿ ಬರುತ್ತದೆ, ಕರಡಿ ಬರುತ್ತದೆ, ಏನಾದರೂ ಕೊಳ್ಳುತ್ತವೆ, ಹೋಗುತ್ತವೆ. ದೊಡ್ಡ ಕಥೆಯೇನೂ ಇಲ್ಲ. ಹೊಳೆ ಹರಿಯುತ್ತಲೇ ಇರುತ್ತದೆ, ಆಮೆ ನಿಧಾನವಾಗಿ ಡಬ್ಬಿ ತೆರೆಯುತ್ತದೆ, ನಿಧಾನವಾಗಿ ಮುಚ್ಚುತ್ತದೆ. ನೋಡುತ್ತಾ ನೋಡುತ್ತಾ ನನಗೂ ಕಣ್ಣು ಎಳೆಯುತ್ತಿತ್ತು. ಜಗಲಿಯ ಹೊರಗಿನ ಬಿಸಿಲು, ಕೋಳಿಯ ಕೂಗು, ಪುಷ್ಪಲತಾ ರಬ್ಬರ್ ಹಾಲಿನ ಹೆಪ್ಪನ್ನು ಶೀಟಾಗಿ ತಟ್ಟುವ ಸದ್ದು ಎಲ್ಲ ಆ ಹೊಳೆಯಲ್ಲೇ ತೇಲಿ ಹೋಗುತ್ತಿದ್ದ ಹಾಗೆ. ಈ ಲೋಕದಲ್ಲಿ ಯಾರೂ ಗಡಿಬಿಡಿ ಮಾಡುವುದಿಲ್ಲ, ಯಾರೂ ಮೈಮೇಲೆ ಬೀಳುವುದಿಲ್ಲ. ನಾನು ಐದು ವರ್ಷದ ಮಗುವಾಗಿದ್ದರೆ ನಾನೂ ಅಲ್ಲೇ ಇದ್ದುಬಿಡುತ್ತಿದ್ದೆ.

ಮಾತುಗಳೂ ಒಂದೊಂದಾಗಿ ಸಿಕ್ಕಿದವು. ಗಿರಾಕಿಗಳು ಹೆಚ್ಚಾಗಿ ಆಮೆಗೆ ಸುಸ್ತಾದಾಗ ಅದು "ದುಕಾನ್ ಬಂದ್" ಎಂದು ಬಾಗಿಲೆಳೆಯುತ್ತದೆ, ಅಂಗಡಿ ಮುಚ್ಚಿತು ಎಂದು. ಪೂರ್ವಿ ಅದನ್ನು ಹೇಳುತ್ತಿದ್ದದ್ದು ಹೊಸಬರು ಬಂದಾಗ, ಯಾರಾದರೂ ಎತ್ತಿಕೊಳ್ಳಲು ಬಂದಾಗ, ಸಾಕಾದಾಗ. ಹಾಗಾದರೆ ಅದು ಅವಳ "ಬೇಡ." ಆಮೆ "ಆಯಿಯೇ ಆಯಿಯೇ" ಎಂದು ಗಿರಾಕಿಗಳನ್ನು ಕರೆಯುತ್ತದೆ. ಪೂರ್ವಿ ಅದನ್ನು ಸಂಜೆ ಪಿಕಪ್ ಬಂದ ಸದ್ದಿಗೆ ಹೇಳುತ್ತಿದ್ದಳು. ಅವಳು ಅಪ್ಪನನ್ನು ದಿನಾ ಕರೆಯುತ್ತಿದ್ದಳು. ಕರೆದದ್ದು ಯಾರಿಗೂ ತಿಳಿದಿರಲಿಲ್ಲ.

ಇದನ್ನು ಹೇಳಿದಾಗ ಜನಾರ್ದನ ಅಂಗಳದಲ್ಲಿ ನಿಂತ ಪಿಕಪ್ಪಿನ ಕಡೆ ತಿರುಗಿ ನೋಡಿದ. ಆಮೇಲೆ, "ನಾನು ನೇರ ಕೈಕಾಲು ತೊಳೀಲಿಕ್ಕೆ ಹೋಗ್ತಿದ್ದೆ" ಎಂದ.

ಇನ್ನೊಂದು ಮಾತು ಮಾತ್ರ ಬಿಡಿಸಲಾಗಿರಲಿಲ್ಲ: "ಬಾರಿಶ್ ಆ ಗಯೀ." ಮಳೆ ಬಂತು ಎಂದು ಅದರ ಅರ್ಥ ಎಂದು ನಾನು ಹೇಳಿದ ಮೇಲೆ ಪುಷ್ಪಲತಾ ಎರಡು ಸಲ ಓಡಿಹೋಗಿ ಒಣಗಲು ಹಾಕಿದ ಶೀಟುಗಳನ್ನು ತೆಗೆದಳಂತೆ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. "ನಮ್ಮ ಮನೆಯ ಹವಾಮಾನದವಳು ಸರಿ ಇಲ್ಲ ಟೀಚರೇ" ಎಂದು ನಕ್ಕಳು. ಅವಳು ನಕ್ಕದ್ದು ನಾನು ಮೊದಲು ಕಂಡದ್ದು ಆಗ. ನೋಡುತ್ತಾ ಹೋದಾಗ ಅದೂ ಬಿಡಿಸಿಕೊಂಡಿತು. ಕಾರ್ಟೂನಿನಲ್ಲಿ ಗುಡುಗು ಬಂದರೆ ಆಮೆ ಹೆದರಿ ಆ ಮಾತು ಹೇಳಿ ಚಿಪ್ಪಿನೊಳಗೆ ಸೇರುತ್ತದೆ. ಪಕ್ಕದ ತೋಟದವರು ಹುಲ್ಲು ಕತ್ತರಿಸುವ ಮೆಷಿನ್ ಶುರುಮಾಡಿದಾಗಲೆಲ್ಲ ಪೂರ್ವಿ ಅದನ್ನು ಹೇಳುತ್ತಿದ್ದಳು. ಆ ಸದ್ದು ಅವಳ ಕಿವಿಗೆ ಗುಡುಗು. ನನಗೆ ಹೆದರಿಕೆಯಾಗುತ್ತಿದೆ ಎಂದು ಅವಳು ಅಷ್ಟು ದಿನದಿಂದ ಹೇಳುತ್ತಿದ್ದಳು, ಅಮ್ಮ ಶೀಟು ತೆಗೆಯಲು ಓಡುತ್ತಿದ್ದಳು.

ಕಮಲಕ್ಕ ಈ ವಯಸ್ಸಿನಲ್ಲಿ ಹಿಂದಿ ಕಲಿತರು. ಜಗಲಿಯ ಮೇಲೆ ಹಲಸಿನ ಬೀಜ, ಲಿಂಬೆ, ಗೆರಟೆ ಇಟ್ಟುಕೊಂಡು ಆಮೆಯ ಅಂಗಡಿ ತೆರೆದರು. "ಆಯಿಯೇ ಆಯಿಯೇ" ಎಂದು ಅವರು ಅರೆಭಾಷೆಯ ರಾಗದಲ್ಲಿ ಕರೆದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಪೂರ್ವಿ ನಗಲಿಲ್ಲ. ಫೋನಿಂದ ಕಣ್ಣೆತ್ತಿ ಅಜ್ಜಿಯ ಅಂಗಡಿಯನ್ನೇ ನೋಡಿದಳು. ಮುಂದಿನ ವಾರ ನಾನು ಹೋಗುವಷ್ಟರಲ್ಲಿ ಅವಳು ಅಂಗಡಿಯಿಂದ ಒಂದು ಲಿಂಬೆ ಎತ್ತಿಕೊಂಡು ಹೋದಳಂತೆ.

ಆ ಹೊತ್ತಿಗೆ ನಮ್ಮ ಮೇಲ್ವಿಚಾರಕಿ ಶಕುಂತಳಾ ಮೇಡಂ ತಪಾಸಣೆಗೆ ಬಂದರು. ಕಟ್ಟುನಿಟ್ಟಿನವರು, ಮಕ್ಕಳ ಬಗ್ಗೆ ಕಾಳಜಿ ಇದ್ದವರು. ಪೂರ್ವಿ ಅವರನ್ನು ನೋಡಿದವಳೇ "ದುಕಾನ್ ಬಂದ್" ಎಂದು ಬಾಗಿಲು ಹಾಕಿಕೊಂಡಳು. ಮೇಡಂ ನಗಲಿಲ್ಲ. ಮಗುವಿನ ಕಣ್ಣಿನ ಕೆಳಗಿನ ಕಪ್ಪು, ಮಣಿಕಟ್ಟಿನ ಗಾಯ ಅವರ ಕಣ್ಣಿಗೆ ಬಿದ್ದಿತ್ತು.

"ನೀವು ಆಮೆ ನೋಡಿದ್ದು ಸಾಕು," ಎಂದರು ವಾಪಸು ಬರುವ ಜೀಪಿನಲ್ಲಿ. "ಮಗು ನಿದ್ದೆ ಮಾಡ್ತಾ ಇಲ್ಲ. ಫೋನ್ ಕಡಿಮೆ ಆಗಲೇಬೇಕು, ಈಗಲೇ."

ಅವರು ಹೇಳಿದ್ದೂ ನಿಜ. ನಾವು ಶುರುಮಾಡಿದೆವು. ಜನಾರ್ದನ ಕೆರೆಯ ಸುತ್ತ ಬೇಲಿ ಕಟ್ಟಿ ಗೇಟು ಇಟ್ಟ. ಹೆಂಡತಿ ಗುಡ್ಡೆಯಿಂದ ಬರುವವರೆಗೆ ಮನೆಯಲ್ಲೇ ಇದ್ದು, ಆಮೇಲೆ ಪಿಕಪ್ ತೆಗೆಯುತ್ತೇನೆಂದು ಒಪ್ಪಿದ. ಒಂದರ ಹಿಂದೆ ಒಂದು ತಾನಾಗಿ ಬರುವ ವೀಡಿಯೋಗಳನ್ನು ನಿಲ್ಲಿಸಿ, ಆಮೆಯ ಕೆಲವು ಕಥೆಗಳನ್ನು ಮಾತ್ರ ಫೋನಲ್ಲಿ ಉಳಿಸಿದೆವು. ಚಾ ಕುಡಿದ ಮೇಲೆ ಆಮೆ, ಸ್ನಾನದ ಮೊದಲು ಆಮೆ, ಕಥೆ ಮುಗಿದರೆ ಫೋನಿಗೆ ಒಂದು ಬಟ್ಟೆ ಹೊದಿಸಿ ಮಲಗಿಸುವುದು. ಗಡಿಯಾರ ಪೂರ್ವಿಗೆ ತಿಳಿಯದು, ಚಾ ಮತ್ತು ಸ್ನಾನ ತಿಳಿಯುತ್ತದೆ. ಊಟದ ಹೊತ್ತಿಗೆ ಫೋನ್ ಬದಲು ಅಜ್ಜಿ.

ಮೊದಲ ದಿನಗಳಲ್ಲಿ ಅಳು, ಕಚ್ಚುವುದು, ಫೋನಿನ ಬಟ್ಟೆ ಹರಿಯುವುದು. ಅದನ್ನು ನಿರೀಕ್ಷಿಸಿದ್ದೆವು. ನಿರೀಕ್ಷಿಸದೆ ಇದ್ದದ್ದು ಆಮೇಲೆ ಬಂತು. ಪೂರ್ವಿ ಶಾಂತಳಾದಳು, ನಿದ್ದೆ ಮಾಡಿದಳು, ಉಂಡಳು. ಮಾತು ನಿಂತಿತು. ದುಕಾನ್ ಎಂಬ ಮಾತೂ ಇಲ್ಲ, ಬಾರಿಶ್ ಎಂಬ ಮಾತೂ ಇಲ್ಲ. ಅಪ್ಪನ ಪಿಕಪ್ ಬಂದರೆ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳೇ ಹೊರತು ಕರೆಯಲಿಲ್ಲ. ಒಂದು ವಾರ, ಮತ್ತೊಂದು ವಾರ, ಇನ್ನೂ ಒಂದು.

ಪುಷ್ಪಲತಾ ಫೋನ್ ಮಾಡಿದಳು.

"ಟೀಚರೇ, ನೀವಿನ್ನು ಬರುದು ಬೇಡ."

"ಎಂತಾಯ್ತು ಪುಷ್ಪಾ?"

"ಆಗಲಿಕ್ಕೆ ಎಂತ ಉಳಿದದ್ದು? ಹಿಂದಿಯೋ ಗಿಂದಿಯೋ, ಮಗು ಬಾಯಿ ತೆಗೀತಿತ್ತು. ಈಗ ಗೋಡೆ ನೋಡಿಕೊಂಡು ಕೂತಿರ್ತದೆ. ನಾನು ಅವತ್ತೇ ನಿಮ್ಮತ್ರ ಕೇಳಿದ್ದೆ ಅಲ್ವಾ?"

ಕೇಳಿದ್ದಳು. ಅದೇ ರಬ್ಬರ್ ಸಾಲಿನಲ್ಲಿ ನಿಂತು ಕೇಳಿದ್ದಳು. ನಾನು ಫೋನ್ ಕೆಳಗಿಟ್ಟೆ. ಶಕುಂತಳಾ ಮೇಡಂ ಹತ್ತಿರ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ತಾಯಿಗೆ ಸಿಟ್ಟು ಬಂದಿರುವುದು ಸಹಜ," ಎಂದರು. "ಈಗ ಒತ್ತಾಯ ಮಾಡಬೇಡಿ. ಕಾಯಿರಿ. ನಾನೂ ಸ್ವಲ್ಪ ಅವಸರ ಮಾಡಿದೆನೋ ಏನೋ."

ಆ ದಿನಗಳಲ್ಲಿ ಬೇರೆ ಮನೆಗಳಿಗೆ ಹೋದೆ, ಬಂದೆ. ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಮರ್ಕಂಜದ ಬಸ್ಸು ಹೊರಡುವಾಗ ಕಾಲು ತಾನಾಗಿ ಅತ್ತ ತಿರುಗುತ್ತಿತ್ತು. ಕಿಟಕಿಯ ಗಾಜಿಗೆ ತಲೆಯಾನಿಸಿ ಕಣ್ಣು ಮುಚ್ಚಿದರೆ ಹೊಳೆಯ ದಡದ ಅಂಗಡಿ ಕಾಣುತ್ತಿತ್ತು, ಬಾಗಿಲು ಹಾಕಿತ್ತು.

ಒಂದು ಬೆಳಿಗ್ಗೆ ಜನಾರ್ದನನ ಪಿಕಪ್ ಪುತ್ತೂರಿನ ನಮ್ಮ ಗೇಟಿನ ಎದುರು ನಿಂತಿತು.

"ಅಮ್ಮ ಕಳಿಸಿದ್ದು," ಎಂದ. "ನೀವು ಬರಲೇಬೇಕಂತೆ. ಪುಷ್ಪನಿಗೂ ಗೊತ್ತುಂಟು, ಬೇಡ ಅನ್ನಲಿಲ್ಲ."

"ಪೂರ್ವಿ ಮಾತಾಡಿದಳಾ?"

"ಇಲ್ಲ. ಆದರೆ ಅಮ್ಮ ಅಂಗಡಿ ಮುಚ್ಚಲೇ ಇಲ್ಲ ಟೀಚರೇ. ಇವಳು ಬರಲಿ ಬಿಡಲಿ, ದಿನಾ ಸಂಜೆ ತೆರೆದು ಕೂತ್ಕೊಳ್ತಾರೆ. ತಾವೇ ಕೊಡುದು, ತಾವೇ ತಗೊಳ್ಳುದು. ಈಗ ಹಿಂದಿಯೂ ಬಿಟ್ಟಿದ್ದಾರೆ, ನಮ್ಮ ಮಾತಲ್ಲೇ ವ್ಯಾಪಾರ. ನಿನ್ನೆ ಇವಳು ಹತ್ತಿರ ಬಂದು ಕೂತಳಂತೆ. ಅಂಗಡಿಗೆ ಗಿರಾಕಿ ಒಬ್ಬರು ಬೇಕು, ಟೀಚರನ್ನು ಕರಕೊಂಡು ಬಾ ಅಂತ ಅಮ್ಮ ಅಂದರು."

ನಾನು ಸೀರೆಯನ್ನೂ ಬದಲಿಸದೆ ಪಿಕಪ್ ಹತ್ತಿದೆ.

ಪುಷ್ಪಲತಾ ಅಂಗಳದಲ್ಲಿ ಹಗ್ಗಕ್ಕೆ ಶೀಟು ಹಾಕುತ್ತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು. ನಾನು ಜಗಲಿಯಲ್ಲಿ ಕಮಲಕ್ಕನ ಎದುರು ಗಿರಾಕಿಯಾಗಿ ಕೂತೆ. ಪೂರ್ವಿ ಅಜ್ಜಿಯ ಸೀರೆಯ ಅಂಚು ಹಿಡಿದು ಪಕ್ಕದಲ್ಲಿದ್ದಳು. ಕೈಯಲ್ಲಿ ಫೋನ್ ಇರಲಿಲ್ಲ. ನಾನು ಲಿಂಬೆ ಕೊಂಡೆ. ಬೀಜ ಕೊಂಡೆ. ಮತ್ತೆ ಲಿಂಬೆ ಕೊಂಡೆ. ಬಿಸಿಲು ಜಗಲಿಯ ಅರ್ಧಕ್ಕೆ ಬಂದು ನಿಂತಿತ್ತು. ಯಾರಿಗೂ ಏನೂ ಅವಸರವಿರಲಿಲ್ಲ. ನಾವು ಮೂವರೂ ಯಾವುದೋ ನೀರಿನ ಕೆಳಗೆ ಕೂತಿದ್ದೇವೆ, ಮೇಲೆ ಎಲ್ಲೋ ಲೋಕ ನಡೆಯುತ್ತಿದೆ ಎನ್ನುವ ಹಾಗಿತ್ತು.

ಆಗ ಪಕ್ಕದ ತೋಟದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಶುರುವಾಯಿತು.

ಪೂರ್ವಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಅಜ್ಜಿಯ ಮಡಿಲಿಗೆ ತಲೆ ತೂರಿಸಿದಳು. ಅಲ್ಲಿಂದ, ಸೀರೆಯ ಒಳಗಿಂದ, ಸಣ್ಣ ದನಿ ಬಂತು.

"ಅಜ್ಜಿ... ಮಳೆ ಬಾತ್."

ಮಳೆ ಬಂತು ಎಂದು, ಅರೆಭಾಷೆಯಲ್ಲಿ. ಅವರ ಮನೆಯ ಮಾತಿನಲ್ಲಿ. ಆಮೆ ಎಂದೂ ಆಡದ ಮಾತು ಅದು. ಯಾವ ವೀಡಿಯೋದಲ್ಲೂ ಇಲ್ಲ.

ಕಮಲಕ್ಕ ಅಲುಗಾಡಲಿಲ್ಲ. ಕೈಯಲ್ಲಿದ್ದ ಲಿಂಬೆ ಉರುಳಿ ಅಂಗಳಕ್ಕೆ ಬಿತ್ತು. ನಾನು ತಿರುಗಿ ನೋಡಿದೆ. ಪುಷ್ಪಲತಾ ಹಗ್ಗದ ಹತ್ತಿರ ನಿಂತಲ್ಲೇ ನಿಂತಿದ್ದಳು. ಆಮೇಲೆ ಅವಳು ಆ ಸುಡುವ ಬಿಸಿಲಿನಲ್ಲಿ, ಆಗ ತಾನೇ ಹಾಕಿದ ಶೀಟುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಎಲ್ಲವನ್ನೂ ತೆಗೆದು, ತೋಳಿನಲ್ಲಿ ಹೊತ್ತು, ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಒಳಗೆ ತಂದಿಟ್ಟಳು. ಮಗಳ ಪಕ್ಕ ಕೂತು, "ಹೌದು, ಮಳೆ ಬಾತ್" ಎಂದಳು. ಜನಾರ್ದನ ಹೋಗಿ ಪಕ್ಕದವರಿಗೆ ಹೇಳಿದ ಮೇಲೆ ಮೆಷಿನ್ ನಿಂತಿತು.

ಫೋನ್ ತೆಗೆದಿಟ್ಟದ್ದರಿಂದ ಮಾತು ಬಂತು ಎಂದು ನಾನು ಹೇಳುವುದಿಲ್ಲ. ಫೋನ್ ಇಲ್ಲದಿದ್ದರೆ ಆ ಮಾತಿನ ಬೀಜವೇ ಇರುತ್ತಿರಲಿಲ್ಲವೇನೋ. ಫೋನ್ ಹಾಗೇ ಇದ್ದಿದ್ದರೆ ಅದು ಮನೆಯ ಭಾಷೆಗೆ ದಾಟುತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಇಷ್ಟು ವರ್ಷ ಕೆಲಸ ಮಾಡಿಯೂ ಗೊತ್ತಿಲ್ಲ ಎನ್ನಲು ನನಗೆ ಈಗ ನಾಚಿಕೆಯಿಲ್ಲ. ಬೇರೆ ಮನೆಗಳಲ್ಲಿ ಇದೇ ದಾರಿ ಹಿಡಿದಾಗ ಕೆಲವು ಮಕ್ಕಳು ಮೌನವಾಗಿಯೇ ಉಳಿದರು. ಅವರಿಗೆ ಬೇರೆ ದಾರಿ ಹುಡುಕಬೇಕಾಯಿತು, ಕೆಲವರಿಗೆ ಸಿಗಲಿಲ್ಲ. ಒಂದು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಫೋನನ್ನು ಕೈಯಿಂದ ತೆಗೆದ ಮೇಲೆ ಆ ಖಾಲಿ ಕೈಯ ಹತ್ತಿರ ಯಾರಾದರೂ ಕೂತಿರಬೇಕು. ಮಗು ಬಾರದಿದ್ದರೂ ಕೂತಿರಬೇಕು.

ಪೂರ್ವಿಯ ಮಾತುಗಳು ಆಮೇಲೆ ಬಂದದ್ದು ತೀರಾ ನಿಧಾನವಾಗಿ. ಅವ್ವ ಎಂಬ ಕರೆ ಬರಲು ಇನ್ನೊಂದು ಮಳೆಗಾಲ ಕಳೆಯಿತು. ಊರಿನ ಶಾಲೆಗೆ ಸೇರಿಸಿದಾಗ ಮೊದಲು ಅರ್ಧ ದಿನ ಮಾತ್ರ ಕೂತಳು. ಈಗ ಪೂರ್ತಿ ದಿನ ಕೂರುತ್ತಾಳೆ, ಕೆಲವು ದಿನ ಆಗುವುದಿಲ್ಲ. ಫೋನ್ ಈಗಲೂ ನೋಡುತ್ತಾಳೆ. ಆಮೆ ಹೋಗಿ ಎಷ್ಟೋ ಕಾಲವಾಯಿತು, ಈಗ ಯಾರೋ ಮಡಕೆ ಮಾಡುವ ವೀಡಿಯೋ. ಜ್ವರ ಬಂದಾಗ, ಮನೆಗೆ ನೆಂಟರು ತುಂಬಿದಾಗ ಸಂಜೆಯೆಲ್ಲ ಅದೇ. ಪುಷ್ಪಲತಾ ಅದಕ್ಕೆಲ್ಲ ತಲೆಬಿಸಿ ಮಾಡಿಕೊಳ್ಳುವುದಿಲ್ಲ.

ನಿವೃತ್ತಿಯಾದ ಮೇಲೆ ಒಮ್ಮೆ ಮರ್ಕಂಜಕ್ಕೆ ಹೋಗಿದ್ದೆ. ಕೆಲಸವಿರಲಿಲ್ಲ, ಸುಮ್ಮನೆ. ಮನೆಯಲ್ಲಿ ಕಮಲಕ್ಕ ಒಬ್ಬರೇ ಇದ್ದರು. ಕುರ್ಚಿಯಲ್ಲಿ ಕಾಲು ಚಾಚಿ ಕೂತು ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದರು. ನಾನು ಬಂದದ್ದೇ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ, "ಎಂತ ಮಾಡುದು ಟೀಚರೇ, ಮಂಡಿ ಬಗ್ಗುದಿಲ್ಲ, ಹೊತ್ತು ಹೋಗುದಿಲ್ಲ" ಎಂದು ನಾಚಿಕೊಂಡರು. "ಒಂದೇ ನಿಮಿಷ, ಇದು ಮುಗೀತದೆ" ಎಂದು ಮತ್ತೆ ಅದಕ್ಕೇ ಬಗ್ಗಿದರು. ಪುಷ್ಪಲತಾ ತೋಟದಿಂದ ಬಂದು ಚಾ ಇಟ್ಟು, ಅತ್ತೆಯ ಕಡೆ ಕಣ್ಣು ತೋರಿಸಿ ನಕ್ಕಳು.

ಅಷ್ಟರಲ್ಲಿ ಪೂರ್ವಿ ಶಾಲೆಯಿಂದ ಬಂದಳು. ಎತ್ತರವಾಗಿದ್ದಳು. ನನ್ನ ಕಡೆ ನೋಡಲಿಲ್ಲ. ಚೀಲವನ್ನು ಜಗಲಿಯಲ್ಲಿ ಬಿಸಾಡಿ ನೇರ ಅಜ್ಜಿಯ ಹತ್ತಿರ ಹೋದಳು, ಫೋನಿನ ಮೇಲೆ ಅಂಗೈ ಇಟ್ಟು ಪರದೆ ಮುಚ್ಚಿದಳು. ಕಮಲಕ್ಕ ತಲೆಯೆತ್ತಿದರು.

"ಅಜ್ಜಿ, ನೋಡ್," ಎಂದಳು.

ಬಾಯಿ ಅಗಲವಾಗಿ ತೆರೆದು, ಬೆರಳು ಒಳಗೆ ಹಾಕಿ, ಪಕ್ಕದ ಒಂದು ಹಲ್ಲನ್ನು ಅಲ್ಲಾಡಿಸಿದಳು. ಏನಾದರೂ ಬೇಕಾದರೆ ಅವಳು ಕೈ ಹಿಡಿದು ಎಳೆಯುತ್ತಿದ್ದಳು, ಕೇಳುತ್ತಿದ್ದಳು. ಏನೂ ಬೇಡದೆ, ಸುಮ್ಮನೆ ತೋರಿಸಲಿಕ್ಕೆಂದೇ ಅವಳು ಒಬ್ಬರನ್ನು ಕರೆದದ್ದು ನಾನು ನೋಡಿರಲಿಲ್ಲ.

ಕಮಲಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಪುಷ್ಪಲತಾ ಚಾದ ಲೋಟ ಹಿಡಿದುಕೊಂಡೇ ಬಂದಳು. ನಾನೂ ಎದ್ದು ಹೋದೆ. ಪೂರ್ವಿ ನಮ್ಮೆಲ್ಲರಿಗೂ ಕಾಣಲಿ ಎಂದು ಬೆಳಕಿನ ಕಡೆ ಮುಖ ತಿರುಗಿಸಿ, ಬಾಯಿಯನ್ನು ಇನ್ನಷ್ಟು ಅಗಲ ತೆರೆದಳು.